ಎಣಿಸದೆ ಇದ್ದ ಉಸಿರಾಟವನ್ನು ಚಾರ್ಟಿನಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ಸದ್ಯ ನಮ್ಮ ತಂಡಕ್ಕೆ ಒಂದು ಜಿಲ್ಲಾ ಆಸ್ಪತ್ರೆಯ ಪುರುಷರ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್ ಇದೆ. ನಲವತ್ತು ಹಾಸಿಗೆಗಳ ಈ ವಾರ್ಡಿಗೆ ಬೆಳಗಿನ ಪಾಳಿಯಲ್ಲಿ ಇಬ್ಬರೇ ಸಿಸ್ಟರ್‌ಗಳು. ಇಂಜೆಕ್ಷನ್, ಹೊಸ ಅಡ್ಮಿಷನ್, ಡಿಸ್ಚಾರ್ಜ್, ಇಂಡೆಂಟ್ ಎಂದು ಅವರಿಗೆ ಕೂರಲೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ಟಿಪಿಆರ್ (ದೇಹದ ತಾಪಮಾನ, ನಾಡಿ, ಉಸಿರಾಟ) ಮತ್ತು ಬಿಪಿ ಪೂರ್ತಿಯಾಗಿ ನಮ್ಮ ಪಾಲಿಗೆ ಬರುತ್ತದೆ, ಮತ್ತು ಒಂಬತ್ತಕ್ಕೆ ರೌಂಡ್ಸ್ ಶುರುವಾಗುವುದರೊಳಗೆ ಚಾರ್ಟ್‌ಗಳೆಲ್ಲ ತುಂಬಿರಬೇಕು.

ಹಿಂದಿನ ಹಾಳೆಗಳನ್ನು ತಿರುವಿ ನೋಡಿದರೆ ಉಸಿರಾಟದ ಅಂಕಣದಲ್ಲಿ 20, 22, 20, 22 ಎಂಬುದನ್ನು ಬಿಟ್ಟು ಬೇರೆ ಅಂಕಿಯೇ ಕಾಣುವುದಿಲ್ಲ. ನ್ಯುಮೋನಿಯಾದವರಿಗೂ ಅದೇ, ಕಾಲಿನ ಹುಣ್ಣಿಗೆ ಸೇರಿದವರಿಗೂ ಅದೇ. ಸೀನಿಯರ್‌ಗಳನ್ನು ಕೇಳಿದರೆ "ಅದನ್ನು ಯಾರೂ ಎಣಿಸುವುದಿಲ್ಲ, 20 ಹಾಕಿ ಮುಂದೆ ಹೋಗು" ಎಂದರು. ಒಬ್ಬೊಬ್ಬರಿಗೆ ಒಂದು ನಿಮಿಷವೆಂದರೂ ಉಸಿರಾಟಕ್ಕೇ ನಲವತ್ತು ನಿಮಿಷ ಬೇಕು. ಸಮಯ ಸಾಲದಿದ್ದಾಗ ಆ ಅಂಕಣವನ್ನು ಖಾಲಿ ಬಿಡಬೇಕೇ? ಸೀನಿಯರ್‌ಗಳ ಎದುರು ದೊಡ್ಡಸ್ತಿಕೆ ತೋರಿಸಿದಂತಾಗದೆ ಇದನ್ನು ಹೇಗೆ ನಿಭಾಯಿಸಬೇಕು?

ಉತ್ತರ 1: ಶುಶ್ರೂಷಾಧಿಕಾರಿ, ಮೆಡಿಕಲ್ ವಾರ್ಡ್

ಎಣಿಸದ ಸಂಖ್ಯೆಯನ್ನು ಬರೆಯಲೇಬೇಡಿ. ಖಾಲಿ ಅಂಕಣ ಕಂಡರೆ ಮುಂದಿನ ಪಾಳಿಯವರಿಗೆ ಇಲ್ಲಿ ಎಣಿಕೆ ಆಗಿಲ್ಲವೆಂದಾದರೂ ತಿಳಿಯುತ್ತದೆ. ಅಲ್ಲಿ 20 ಎಂದು ಬರೆದಿದ್ದರೆ ಅವರು ರೋಗಿ ನೆಮ್ಮದಿಯಾಗಿದ್ದಾನೆಂದು ನಂಬಿ ಪಕ್ಕದ ಹಾಸಿಗೆಗೆ ಹೋಗುತ್ತಾರೆ. ರಕ್ತದೊತ್ತಡ ಕುಸಿಯುವುದಕ್ಕೆ ಎಷ್ಟೋ ಗಂಟೆಗಳ ಮೊದಲೇ ಉಸಿರಾಟದ ಗತಿ ಏರತೊಡಗುವುದುಂಟು. ಹಾಗಿರುವಾಗ ನಾಲ್ಕು ಅಂಕಣಗಳಲ್ಲಿ ಮೊದಲು ಸುಳಿವು ಕೊಡುವ ಅಂಕಣವನ್ನೇ ನಾವು ಊಹೆಯಿಂದ ತುಂಬುತ್ತಿದ್ದೇವೆ ಎಂಬುದು ನನಗೆ ಸದಾ ವಿಚಿತ್ರವಾಗಿ ತೋರಿದೆ.

ಸಮಯದ ಬಗ್ಗೆ ನೀವು ಹಾಕಿದ ಲೆಕ್ಕ ಸರಿಯಾಗಿಯೇ ಇದೆ. ಅದಕ್ಕಾಗಿಯೇ ಒಂದನೇ ಹಾಸಿಗೆಯಿಂದ ನಲವತ್ತರವರೆಗೆ ಸಾಲಾಗಿ ಹೋಗುವ ಪದ್ಧತಿಯನ್ನು ಬಿಡಿ. ರಾತ್ರಿ ಪಾಳಿಯವರು ಹ್ಯಾಂಡ್ ಓವರ್ ಕೊಡುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ, ರಾತ್ರಿ ಸೇರಿದವರು, ಆಮ್ಲಜನಕದ ಮೇಲಿರುವವರು, ಜ್ವರ ಇಳಿಯದವರು, ವಾಂತಿ ಮಾಡಿಕೊಳ್ಳುತ್ತಿರುವ ಸಕ್ಕರೆ ಕಾಯಿಲೆಯವರು ಯಾರೆಂದು ಗುರುತು ಹಾಕಿಕೊಂಡು ಅವರಿಂದಲೇ ಆರಂಭಿಸಿ. ಇವರು ಹೆಚ್ಚೆಂದರೆ ಹತ್ತು ಹನ್ನೆರಡು ಮಂದಿ ಇರುತ್ತಾರೆ. ಇವರಿಗೆ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಉಳಿದವರಲ್ಲಿ ಉಸಿರಾಟ ಒಂದೇ ಲಯದಲ್ಲಿದ್ದರೆ ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುವುದು ಒಪ್ಪತಕ್ಕದ್ದೇ. ಲಯ ತಪ್ಪಿದ್ದರೆ ಮಾತ್ರ ಹಾಗೆ ಮಾಡಬಾರದು.

ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇಬ್ಬರು ರೋಗಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಬ್ಬರು ಕೀಟನಾಶಕ ಸೇವಿಸಿ ಬಂದವರು. ಆರ್ಗನೊಫಾಸ್ಫೇಟ್ ವಿಷವಾಗಿದ್ದರೆ ಮೊದಲ ದಿನ ಅದಕ್ಕೆ ಮದ್ದಾದ ಅಟ್ರೊಪಿನ್ ಕೊಟ್ಟು ಎಲ್ಲವೂ ಹತೋಟಿಗೆ ಬಂದಂತೆ ಕಾಣುತ್ತದೆ, ಮನೆಯವರೂ ಸಮಾಧಾನಗೊಂಡಿರುತ್ತಾರೆ. ಆದರೆ 24ರಿಂದ 96 ಗಂಟೆಗಳ ನಡುವೆ ಉಸಿರಾಟದ ಸ್ನಾಯುಗಳು ಸೋಲುವ ಅಪಾಯವಿದೆ, ಮತ್ತು ಅದಕ್ಕೆ ಅಟ್ರೊಪಿನ್ ನೆರವಾಗುವುದಿಲ್ಲ. ಆಗ ಬೇಕಾಗುವುದು ವೆಂಟಿಲೇಟರ್. ದಿಂಬಿನಿಂದ ತಲೆ ಎತ್ತುವಂತೆ ಹೇಳಿ ನೋಡಿ. ನಿನ್ನೆ ಎತ್ತುತ್ತಿದ್ದವರಿಗೆ ಇಂದು ಆಗದಿದ್ದರೆ ಚಾರ್ಟ್ ಅಲ್ಲಿಯೇ ಬಿಟ್ಟು ಡ್ಯೂಟಿ ಡಾಕ್ಟರನ್ನು ಕರೆಯಬೇಕು. ಇನ್ನೊಬ್ಬರು ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದವರು. ಅವರ ರೆಪ್ಪೆ ಜೋತುಬಿದ್ದಿದೆಯೇ ಎಂದು ನೋಡಿ, ಆಮೇಲೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳಿ. ಎಂಟು ಗಂಟೆಗೆ ಮೂವತ್ತರವರೆಗೆ ಹೋದವರು ಹತ್ತು ಗಂಟೆಗೆ ಹದಿನೈದಕ್ಕೇ ನಿಂತರೆ ಅದು ದೊಡ್ಡ ಸುದ್ದಿ. ಇದಕ್ಕೆ ಉಪಕರಣ ಬೇಡ, ರೋಗಿಯ ಭಾಷೆ ನಿಮಗೆ ಬಂದರೆ ಸಾಕು.

ಉತ್ತರ 2: ಅಂತಿಮ ವರ್ಷ

ಮೇಲಿನವರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅವರು ಸಂಬಳ ಪಡೆಯುವ ಖಾಯಂ ಸಿಬ್ಬಂದಿ ಎಂಬುದನ್ನು ಮರೆಯಬಾರದು. ವಿದ್ಯಾರ್ಥಿ ಅಂಕಣ ಖಾಲಿ ಬಿಟ್ಟರೆ ರೌಂಡ್ಸಿನಲ್ಲಿ ಎಲ್ಲರ ಎದುರು ಬೈಗುಳ ಬೀಳುವುದು ವಿದ್ಯಾರ್ಥಿಗೇ. ಕ್ಲಿನಿಕಲ್ ಮೌಲ್ಯಮಾಪನದಲ್ಲಿ ವಾರ್ಡಿನವರ ಅಭಿಪ್ರಾಯಕ್ಕೂ ಬೆಲೆಯಿರುವಾಗ ನ್ಯಾಯ ಹೇಳಲು ಹೋಗಿ ಅಂಕ ಕಳೆದುಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಮೊದಲು ಟ್ಯೂಟರ್ ವಾರ್ಡಿಗೆ ಬಂದು ನಿಲ್ಲಲಿ, ಆಮೇಲೆ ನಮ್ಮಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸಲಿ.

ಉತ್ತರ 3: ಬೋಧಕಿ, ನರ್ಸಿಂಗ್ ಕಾಲೇಜು

ಅಂತಿಮ ವರ್ಷದವರ ಮಾತಿನಲ್ಲಿ ಕಹಿ ಇದೆ, ಆದರೆ ಅದರಲ್ಲಿ ಸುಳ್ಳಿಲ್ಲ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬ ಶುಶ್ರೂಷಕಿ ಎಂಬುದೂ ಅದೇ ಪರಿಷತ್ತಿನದು. ನಲವತ್ತಕ್ಕೆ ಇಬ್ಬರೆಂದರೆ ಒಬ್ಬರಿಗೆ ಇಪ್ಪತ್ತು ರೋಗಿಗಳು. 20, 22 ಎಂದು ಬರೆದ ಹುಡುಗಿಯರು ಸೋಮಾರಿಗಳೆಂದು ನಾನು ತೀರ್ಪು ಕೊಡಲಾರೆ; ಸಿಬ್ಬಂದಿಯ ಕೊರತೆಯೇ ಆ ಅಂಕಣದಲ್ಲಿ ಅಂಕಿಯಾಗಿ ಕಾಣುತ್ತಿದೆ. ಆದರೂ ಕೊರತೆ ಇದೆಯೆಂಬ ಕಾರಣಕ್ಕೆ ಸುಳ್ಳು ದಾಖಲೆ ಸರಿಯಾಗುವುದಿಲ್ಲ, ಮೇಲಾಗಿ ಎಲ್ಲ ಅಂಕಣಗಳೂ ತುಂಬಿದ್ದರೆ ಸಿಬ್ಬಂದಿ ಸಾಲದೆಂದು ಮೇಲಧಿಕಾರಿಗಳಿಗೆ ತೋರಿಸಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ಹೇಳುವ ಬಗೆ. "ಸಿಸ್ಟರ್, ಈ ಚಾರ್ಟುಗಳು ಸುಳ್ಳು" ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಸಿಸ್ಟರ್, ಹನ್ನೆರಡು ಮಂದಿಯದು ಎಣಿಸಿದ್ದೇನೆ, ಹದಿನೇಳನೆಯ ಹಾಸಿಗೆಯವರದು 32 ಇದೆ, ಒಮ್ಮೆ ನೋಡುತ್ತೀರಾ? ಉಳಿದವರದು ರೌಂಡ್ಸ್ ಆದ ಮೇಲೆ ಎಣಿಸುತ್ತೇನೆ" ಎಂದು ಹೇಳಿ. ಹದಿನೇಳನೆಯ ಹಾಸಿಗೆಯ ಸಂಗತಿ ಕಿವಿಗೆ ಬಿದ್ದ ಮೇಲೆ ಖಾಲಿ ಅಂಕಣಗಳ ಬಗ್ಗೆ ಗದರುವವರು ಕಡಿಮೆ. ತಡವಾಗಿ ಎಣಿಸಿದ್ದಕ್ಕೆ ಎಣಿಸಿದ ವೇಳೆಯನ್ನೇ ಹಾಕಿ, ಎಂಟರ ಅಂಕಣಕ್ಕೆ ಹನ್ನೊಂದರ ಅಂಕಿಯನ್ನು ತುರುಕಬೇಡಿ.

ಕೇಸ್ ಶೀಟ್ ಆಸ್ಪತ್ರೆಯ ಒಳಗಿನ ಕಾಗದವೆಂಬ ಭ್ರಮೆಯೂ ಬೇಡ. ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕೆಂದು ವೈದ್ಯರಿಗೆ 2002ರ ವೃತ್ತಿ ನಡವಳಿಕೆಯ ನಿಯಮಾವಳಿ ಹೇಳುತ್ತದೆ. ಬೆಳಗಿನ ಜಾವ ಮೂರಕ್ಕೆ ತೀರಿಕೊಂಡವರ ಹಾಳೆಯಲ್ಲಿ ಆರು ಗಂಟೆಯ ಉಸಿರಾಟ 20 ಎಂದು ಬರೆದಿದ್ದರೆ ಅದನ್ನು ವಿವರಿಸಲು ಯಾರಿಂದಲೂ ಆಗದು. ಮುಂಗಡವಾಗಿ ಚಾರ್ಟ್ ತುಂಬಿಡುವ ಅಭ್ಯಾಸವಿರುವ ಕಡೆಗಳಲ್ಲಿ ಇದು ಕಲ್ಪನೆಯ ಮಾತಲ್ಲ.

ಉತ್ತರ 4: ಕನ್ನಡತಿ, ಇಂಗ್ಲೆಂಡ್

ಇಲ್ಲಿನ ಆಸ್ಪತ್ರೆಗಳಲ್ಲಿ ಉಸಿರಾಟ, ನಾಡಿ, ಬಿಪಿ ಮುಂತಾದ ಒಂದೊಂದು ಅಂಶಕ್ಕೂ ಅಂಕ ಕೊಟ್ಟು, ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಬೇಗ ಗುರುತಿಸುವ ನ್ಯೂಸ್-2 ಎಂಬ ಪದ್ಧತಿ ಇದೆ. ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಇದನ್ನು ಹೊರತಂದು 2017ರಲ್ಲಿ ಪರಿಷ್ಕರಿಸಿತು. ಉಸಿರಾಟ ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ, 21ರಿಂದ 24 ಇದ್ದರೆ ಎರಡು, 25 ಅಥವಾ ಹೆಚ್ಚಾದರೆ ಮೂರು ಅಂಕ. 8 ಅಥವಾ ಕಡಿಮೆಯಾದರೂ ಮೂರು. ಯಾವುದೇ ಒಂದು ಅಂಶಕ್ಕೆ ಮೂರು ಬಂದರೆ ವೈದ್ಯರಿಗೆ ತಿಳಿಸಬೇಕು, ಒಟ್ಟು ಐದು ತಲುಪಿದರೆ ತುರ್ತಾಗಿ ನೋಡಬೇಕು. ನಮ್ಮೂರಿನ ವಾರ್ಡುಗಳ ಆ ಪ್ರಸಿದ್ಧ 22 ಇಲ್ಲಿನ ಲೆಕ್ಕದಲ್ಲಿ ಪ್ರತಿಯೊಬ್ಬ ರೋಗಿಗೂ ಎರಡು ಅಂಕ ತಂದುಕೊಡುತ್ತಿತ್ತು ಎಂದು ನೆನೆದು ಒಮ್ಮೊಮ್ಮೆ ನಗುತ್ತೇನೆ. ಇಲ್ಲಿಯೂ ಅಂದಾಜಿನ ಅಂಕಿ ಬೀಳುವುದೇ ಇಲ್ಲವೆಂದಲ್ಲ. ಆದರೆ ಅಂಕಿಯ ಹಿಂದೆಯೇ ಒಂದು ಕ್ರಮ ನಿಗದಿಯಾಗಿರುವುದರಿಂದ ಎಣಿಸುವ ಕೆಲಸಕ್ಕೆ ಅರ್ಥ ಬಂದಿದೆ.

ಎಣಿಸುವ ಕೌಶಲದ ಬಗ್ಗೆ ಒಂದು ಮಾತು. ಉಸಿರಾಟ ಎಣಿಸುತ್ತಿದ್ದಾರೆಂದು ತಿಳಿದ ಕೂಡಲೇ ರೋಗಿಯ ಉಸಿರು ಬದಲಾಗುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನ ಮೇಲಿನ ಬೆರಳುಗಳನ್ನು ತೆಗೆಯದೆ, ಮಾತಾಡಿಸದೆ, ಎದೆಯನ್ನೋ ಹೊಟ್ಟೆಯನ್ನೋ ನೋಡುತ್ತಿರಿ. ಕಂಬಳಿ ಹೊದ್ದು ಮಲಗಿದವರಾದರೆ ಅವರ ಕೈಯನ್ನು ಎದೆಯ ಮೇಲೆ ಮಡಚಿಟ್ಟು ನಾಡಿ ಹಿಡಿಯಿರಿ, ಏರಿಳಿತ ನಿಮ್ಮ ಕೈಗೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮ ವಾರ್ಡಿನಲ್ಲಿ ಒಂದು ಪಲ್ಸ್ ಆಕ್ಸಿಮೀಟರ್ ಇದೆ. ಅದು ತೋರಿಸುವ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 96 ಇದ್ದರೆ ಉಸಿರಾಟ ಸರಿಯಾಗಿದೆಯೆಂದೇ ಅರ್ಥ, ಮತ್ತೆ ಎಣಿಸುವುದೇಕೆ ಎಂದು ಸಹಪಾಠಿಯೊಬ್ಬಳು ವಾದಿಸುತ್ತಾಳೆ. ಇದು ಸರಿಯೇ?

ಉತ್ತರ 5: ಶುಶ್ರೂಷಾಧಿಕಾರಿ, ಮೆಡಿಕಲ್ ವಾರ್ಡ್

ಸರಿಯಲ್ಲ. ಆಮ್ಲಜನಕದ ಮಾಸ್ಕ್ ಹಾಕಿಕೊಂಡು ನಿಮಿಷಕ್ಕೆ 34 ಸಲ ಏದುಸಿರು ಬಿಡುವವರ ಬೆರಳಿನಲ್ಲೂ 96 ಬರಬಹುದು. ಆ 96 ಅನ್ನು ಉಳಿಸಿಕೊಳ್ಳಲು ಅವರು ಎಷ್ಟು ಶ್ರಮಪಡುತ್ತಿದ್ದಾರೆ ಎಂಬುದನ್ನು ಯಂತ್ರ ಹೇಳುವುದಿಲ್ಲ, ಆ ಶ್ರಮ ಸೋತ ಮೇಲಷ್ಟೇ ಅಂಕಿ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ಆದವರು ಆಳವಾಗಿ, ಬೇಗಬೇಗನೆ ಉಸಿರಾಡುತ್ತಿದ್ದರೂ ಅವರ ಸ್ಯಾಚುರೇಷನ್ 99 ಇರಬಹುದು. ಮತ್ತೊಂದು ಕಡೆ, ಕೈ ತಣ್ಣಗಾಗಿದ್ದರೆ ಅಥವಾ ರಕ್ತಸಂಚಾರ ಕುಗ್ಗಿದ್ದರೆ ಯಂತ್ರ ತಪ್ಪು ಅಂಕಿಯನ್ನೇ ತೋರಿಸಬಹುದು, ಆಗ ಬೆರಳನ್ನು ಉಜ್ಜಿ ಬೆಚ್ಚಗಾಗಿಸಿ ಮತ್ತೆ ನೋಡಬೇಕು. ಆದ್ದರಿಂದ ಎರಡನ್ನೂ ಬರೆಯಿರಿ, ಮತ್ತು ಸ್ಯಾಚುರೇಷನ್ ಪಕ್ಕದಲ್ಲಿ ರೋಗಿ ಕೋಣೆಯ ಸಾಮಾನ್ಯ ಗಾಳಿಯಲ್ಲಿದ್ದಾರೋ ಆಮ್ಲಜನಕದ ಮೇಲಿದ್ದಾರೋ, ಆಮ್ಲಜನಕವಾದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ತಪ್ಪದೆ ನಮೂದಿಸಿ.