1959ರ ಜಾವಾಕ್ಕೆ ಸರಿಯಾಗಿ ಕೂರುವ ಟ್ಯಾಂಕ್ ಬ್ಯಾಗ್ ಬೇಕು. ಬ್ಯಾಗ್ ಹಾಕಿದರೆ ಗಾಡಿಯೂ ನಿಲ್ಲುತ್ತಿದೆ

ಮರೂನ್_353:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1959ರ ಜಾವಾ 250 ಇದೆ, ಟೈಪ್ 353. ಟ್ಯಾಂಕ್ ಮೇಲೆ ಮರೂನ್ ಬಣ್ಣ, ಎರಡೂ ಪಕ್ಕ ಕ್ರೋಮ್, ಕ್ರೋಮ್ ಮೇಲೆ ಮಂಡಿ ಒತ್ತುವ ರಬ್ಬರ್ ಪ್ಯಾಡ್. ದೂರ ಹೋಗುವಾಗ ರೇನ್‌ಕೋಟ್, ಎರಡು ಪ್ಲಗ್, ನಾಲ್ಕು ಸ್ಪ್ಯಾನರ್, ಒಂದು ಬಾಟಲಿ ಟೂ-ಸ್ಟ್ರೋಕ್ ಆಯಿಲ್ ಇಡಲು ಜಾಗ ಬೇಕು. ಹಿಂದೆ ಕ್ಯಾರಿಯರ್ ಹಾಕಲು ಮನಸ್ಸು ಬರುತ್ತಿಲ್ಲ, ಗಾಡಿಯ ಅಂದ ಕೆಡುತ್ತದೆ. ಅದಕ್ಕೇ ಟ್ಯಾಂಕ್ ಬ್ಯಾಗ್ ಹುಡುಕುತ್ತಿದ್ದೇನೆ.

ಇಲ್ಲಿಯವರೆಗೆ ಮೂರು ಥರದ್ದು ನೋಡಿದೆ. ಮೊದಲು ಗೆಳೆಯನ ಮ್ಯಾಗ್ನೆಟ್ ಬ್ಯಾಗ್ ತಂದು ಹಾಕಿದೆ, 15 ಲೀಟರಿನದು. ಅದರ ಮ್ಯಾಗ್ನೆಟ್ ಇರುವ ಕಿವಿಗಳು ರಬ್ಬರ್ ಪ್ಯಾಡ್ ಮೇಲೆ ಬಂದು ಕೂರುತ್ತವೆ, ಹಿಡಿಯುವುದೇ ಇಲ್ಲ. ಒಂದು ತಿರುವಿನಲ್ಲಿ ಬ್ಯಾಗ್ ಪೂರ್ತಿ ಎಡಕ್ಕೆ ಜಾರಿತು. ಆಮೇಲೆ ಪೆಟ್ರೋಲ್ ಮುಚ್ಚಳದ ಸುತ್ತ ರಿಂಗ್ ಕೂರಿಸುವ ಥರದ್ದು ನೋಡಿದೆ. ಅದಕ್ಕೆ ಮುಚ್ಚಳದ ಸುತ್ತ ಬೋಲ್ಟ್ ಇರಬೇಕಂತೆ. ನನ್ನದು ತಿರುಗಿಸಿ ತೆಗೆಯುವ ಹಳೇ ಮುಚ್ಚಳ. ಮೂರನೆಯದು ಎಲ್ಲ ಗಾಡಿಗೂ ಆಗುತ್ತದೆ ಅಂತ ಹೇಳಿ ಕೊಟ್ಟ ಬೆಲ್ಟ್ ಬ್ಯಾಗ್. ಅದು ಎಷ್ಟು ದಪ್ಪ ಅಂದರೆ, ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಹಾರ್ನ್ ತಾನಾಗೇ ಹೊಡೆಯುತ್ತದೆ.

ಇನ್ನೊಂದು ವಿಷಯ. ಮ್ಯಾಗ್ನೆಟ್ ಬ್ಯಾಗ್ ಹಾಕಿದ ದಿನ ಸುಮಾರು 20 ನಿಮಿಷ ಚೆನ್ನಾಗಿ ಓಡಿ, ಪೆಟ್ರೋಲ್ ಖಾಲಿಯಾದ ಹಾಗೆ ಗಾಡಿ ನಿಂತಿತು. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಯಿತು, ಮತ್ತೆ ನಿಂತಿತು. ಬ್ಯಾಗಿಗೂ ಇದಕ್ಕೂ ಸಂಬಂಧ ಇರಲಾರದು, ಕಂಡೆನ್ಸರ್ (ಪ್ಲಗ್ಗಿನ ಕಿಡಿಗೆ ಬೇಕಾದ ಸಣ್ಣ ವಿದ್ಯುತ್ ಭಾಗ) ಹೋಗಿರಬೇಕು ಅಂದುಕೊಂಡಿದ್ದೇನೆ. ಆದರೂ ಹೇಳಿಬಿಡೋಣ ಅನ್ನಿಸಿತು.

ಕಾರ್ಬುರೇಟರ್_ಪ್ರೇಮಿ:

ಸಂಬಂಧ ಇದೆ ಸರ್, ಖಂಡಿತ ಇದೆ. ಬ್ಯಾಗಿನ ಮಾತು ಆಮೇಲೆ ಆಡೋಣ, ಮೊದಲು ಇದನ್ನು ಸರಿಮಾಡಿ. ಅಲ್ಲಿಯವರೆಗೆ ಆ ಬ್ಯಾಗ್ ಹಾಕಿ ಓಡಿಸಲೇಬೇಡಿ.

ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬುರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿದಷ್ಟು ಪೆಟ್ರೋಲಿನ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಹಳೇ ಟ್ಯಾಂಕಿನಲ್ಲಿ ಆ ಗಾಳಿಗೆ ಇರುವ ದಾರಿ ಒಂದೇ, ಮುಚ್ಚಳದಲ್ಲಿರುವ ಸಣ್ಣ ತೂತು. ನಿಮ್ಮ ಬ್ಯಾಗಿನ ಅಡಿಯಲ್ಲಿ ಮೆತ್ತನೆಯ ರಬ್ಬರೋ ಫೋಮೋ ಇರುತ್ತದೆ, ಅಲ್ವಾ? ಸಾಮಾನಿನ ಭಾರಕ್ಕೆ ಅದು ಮುಚ್ಚಳದ ಮೇಲೆ ಒತ್ತಿ ಕೂತರೆ ತೂತು ಮುಚ್ಚಿಹೋಗುತ್ತದೆ. ಟ್ಯಾಂಕಿನ ಒಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತಾ ಬಂದು ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಎಲ್ಲೋ ಸಂದಿಯಿಂದ ಗಾಳಿ ನುಸುಳಿ ಮತ್ತೆ ಸ್ಟಾರ್ಟ್ ಆಗುತ್ತದೆ.

ಬೇರೆ ಗಾಡಿಯಾದರೆ ನಿಂತಿತು, ಅಷ್ಟೇ. ನಿಮ್ಮದು ಟೂ-ಸ್ಟ್ರೋಕ್. ಇಂಜಿನ್ನಿಗೆ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆ ಬಂದರೆ ಆಯಿಲ್ಲೂ ಕಡಿಮೆ, ಮೇಲಿಂದ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗಿ ಬಿಸಿಯೂ ಜಾಸ್ತಿ. ಓಡುತ್ತಿರುವಾಗಲೇ ಪಿಸ್ಟನ್ ಸೀಜ್ ಆದರೆ, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತರೆ, ಹಿಂದಿನ ಚಕ್ರ ಹಿಡಿದುಕೊಳ್ಳಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಧಾನ_ಸವಾರಿ:

ಮೇಲಿನವರು ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಕಂಡೆನ್ಸರನ್ನೂ ಸುಮ್ನೆ ಬಿಡಬೇಡಿ. ಅದು ಕೆಟ್ಟಾಗಲೂ ಹೀಗೇ ಆಗುತ್ತದೆ: ಬಿಸಿಯಾದ ಮೇಲೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅಂತ ಹೇಳಿದರೆ ಒಳ್ಳೆಯದು.

ಕಾರ್ಬುರೇಟರ್_ಪ್ರೇಮಿ:

ಒಳ್ಳೇ ಪ್ರಶ್ನೆ. ಗಾಡಿ ಓಡಿಸದೆಯೇ ನೋಡಬಹುದು. ಇಂಜಿನ್ ತಣ್ಣಗಿರಬೇಕು, ಜಾಗ ಬಯಲಾಗಿರಬೇಕು, ಹತ್ತಿರ ಬೆಂಕಿ ಇರಬಾರದು. ಕಾರ್ಬುರೇಟರಿನಿಂದ ಪೆಟ್ರೋಲ್ ಪೈಪ್ ಬಿಚ್ಚಿ, ಪೆಟ್ರೋಲಿಗೆ ಆಗುವ ಕ್ಯಾನಿನೊಳಗೆ ಇಳಿಬಿಡಿ. ಮುಚ್ಚಳ ಹಾಕಿ, ಸಾಮಾನು ತುಂಬಿದ ಬ್ಯಾಗನ್ನು ಅದರ ಜಾಗದಲ್ಲೇ ಇಟ್ಟು ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ತೆರೆಯಿರಿ. ಧಾರೆ ಜೋರಾಗಿ ಶುರುವಾಗಿ, ಸಣ್ಣಗಾಗಿ, ತೊಟ್ಟಿಕ್ಕಲು ಶುರುವಾದರೆ ಮುಚ್ಚಳ ಸ್ವಲ್ಪ ಸಡಿಲ ಮಾಡಿ. ಗಾಳಿ ಸುಯ್ ಅಂತ ಒಳಗೆ ಎಳೆದುಕೊಂಡು ಧಾರೆ ಮತ್ತೆ ಜೋರಾದರೆ ಕಳ್ಳ ಸಿಕ್ಕಿದ ಹಾಗೆ. ಧಾರೆ ಒಂದೇ ಸಮ ಬಂದರೆ ಆಗ ಕಂಡೆನ್ಸರ್ ಕಡೆ ಹೋಗಿ.

ಬ್ಯಾಗ್ ತೆಗೆದು ಕೂಡ ಒಮ್ಮೆ ಮಾಡಿ. ಆಗಲೂ ಧಾರೆ ಸಣ್ಣಗಾದರೆ ಮುಚ್ಚಳದ ತೂತೇ ಕಟ್ಟಿಕೊಂಡಿದೆ ಅಂತ ಅರ್ಥ. ಪಾಲಿಶ್ ಹಚ್ಚುವಾಗ ಅದರೊಳಗೆ ಮೇಣ ಸೇರಿಕೊಳ್ಳುವುದು ತುಂಬಾ ಸಾಮಾನ್ಯ. ಸಣ್ಣ ತಂತಿ ಹಾಕಿ ಬಿಡಿಸಿ, ಊದಿ ನೋಡಿ.

ಹೊಲಿಗೆ_ಚೀಲ:

ನಾನು ಬ್ಯಾಗಿನ ಬಗ್ಗೆ ಹೇಳುತ್ತೇನೆ. ಹಳೇ ಗಾಡಿಗಳ ಸೀಟ್ ಹೊಲಿಯುವುದು ನನ್ನ ಕೆಲಸ. ಟ್ಯಾಂಕ್ ಬ್ಯಾಗ್‌ಗಳನ್ನೂ ಮಾಡಿದ್ದೇನೆ.

ಈಗಿನ ಬ್ಯಾಗ್‌ಗಳೆಲ್ಲ ಅಗಲವಾದ ಟ್ಯಾಂಕಿಗೆ, ಮುಚ್ಚಳ ಮೈಮಟ್ಟಕ್ಕೆ ಇರುವ ಟ್ಯಾಂಕಿಗೆ ಮಾಡಿದ್ದು. ನಿಮ್ಮದು ನೀರಿನ ಹನಿಯ ಆಕಾರ. ಮೇಲೆ ಕಿರಿದು, ಪಕ್ಕದಲ್ಲಿ ಉಬ್ಬು, ಮುಚ್ಚಳ ಮೇಲೆದ್ದು ನಿಂತಿರುತ್ತದೆ. ಬ್ಯಾಗ್ ಆ ಮುಚ್ಚಳದ ಮೇಲೆ ಕೂತು ತೂಗಾಡುತ್ತದೆ. ಇನ್ನು ಮ್ಯಾಗ್ನೆಟ್. ಮ್ಯಾಗ್ನೆಟ್ಟಿಗೂ ತಗಡಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಂದರೂ ಹಿಡಿತ ತುಂಬಾ ಇಳಿದುಬಿಡುತ್ತದೆ. ಹಳೇ ಟ್ಯಾಂಕಿನಲ್ಲಿ ಡೆಂಟ್ ತೆಗೆದು ಪುಟ್ಟಿ ತುಂಬಿದ ಜಾಗದಲ್ಲೂ ಇದೇ ಕಥೆ. ಟ್ಯಾಂಕ್ ಮೇಲೆ ಸಣ್ಣ ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಲ್ಲಿ ಇಟ್ಟು ನೋಡಿ, ಎಲ್ಲೆಲ್ಲಿ ಪುಟ್ಟಿ ಇದೆ ಅಂತ ಗೊತ್ತಾಗುತ್ತದೆ. ಹಳೇ ಗಾಡಿ ಕೊಳ್ಳುವಾಗಲೂ ನಾನು ಹೀಗೇ ನೋಡುತ್ತೇನೆ. ಅಲ್ಯೂಮಿನಿಯಂ ಅಥವಾ ಫೈಬರ್ ಟ್ಯಾಂಕ್ ಇರುವವರಿಗಂತೂ ಮ್ಯಾಗ್ನೆಟ್ಟಿನ ಮಾತೇ ಇಲ್ಲ.

ಮ್ಯಾಗ್ನೆಟ್ ಹಿಡಿದರೂ ನನಗೆ ಅದು ಇಷ್ಟವಿಲ್ಲ. ರಸ್ತೆ ಧೂಳಿನಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಮ್ಯಾಗ್ನೆಟ್ ಅದನ್ನೆಲ್ಲ ಅಂಟಿಸಿಕೊಂಡು ಇಡೀ ದಿನ ಬಣ್ಣದ ಮೇಲೆ ಉಜ್ಜುತ್ತದೆ. ನಿಮ್ಮ ಮರೂನ್ ಹಳೆಯದಾದರೆ ಅಂಥ ಬಣ್ಣ ಮತ್ತೆ ಸಿಗುವುದಿಲ್ಲ.

ನಿಮಗೆ ಬೇಕಾದದ್ದು ಎರಡು ಭಾಗದ ಬ್ಯಾಗ್. ಕೆಳಗೆ ಟ್ಯಾಂಕಿನ ಮೈಗೆ ಅಂಟಿ ಕೂರುವ ಹಾಸು, ಮೇಲೆ ಜಿಪ್ ಅಥವಾ ಬಕಲ್ ಹಾಕಿ ಸೇರಿಸುವ ಸಣ್ಣ ಚೀಲ. 6ರಿಂದ 8 ಲೀಟರ್ ಸಾಕು. ಟ್ಯಾಂಕ್ ಮೇಲೆ ಹಳೇ ಪೇಪರ್ ಹಾಸಿ ಪೆನ್ಸಿಲಿನಲ್ಲಿ ಆಕಾರ ತೆಗೆಯಿರಿ. ಸೀಟಿನ ಮೂತಿ ಎಲ್ಲಿಗೆ ಬರುತ್ತದೆ, ಮುಚ್ಚಳ ಎಲ್ಲಿ, ಅದರ ಎತ್ತರ ಎಷ್ಟು, ಎಲ್ಲ ಗುರುತು ಮಾಡಿ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ಎಲ್ಲಿ ಹತ್ತಿರ ಬರುತ್ತದೆ ನೋಡಿ, ಅಲ್ಲಿಂದ ಎರಡು ಬೆರಳು ಬಿಟ್ಟು ಚೀಲದ ಅಂಚು ಬರಲಿ. ಹಾಸಿನಲ್ಲಿ ಮುಚ್ಚಳದ ಜಾಗಕ್ಕೆ ದುಂಡಗೆ ಕತ್ತರಿಸಿ. ಚೀಲದ ತಳಕ್ಕೆ ಗಟ್ಟಿ ಪ್ಲಾಸ್ಟಿಕ್ ಹಲಗೆ ಕೊಟ್ಟು, ಮುಚ್ಚಳದ ಸುತ್ತ ಒಂದು ಬೆರಳು ಎತ್ತರದ ದಿಂಬು ಹೊಲಿಯಿರಿ. ಆ ದಿಂಬಿನ ಹಿಂಭಾಗದಲ್ಲಿ ಸ್ವಲ್ಪ ಖಾಲಿ ಬಿಡಬೇಕು, ಗಾಳಿ ಅಲ್ಲಿಂದ ಹೋಗಲಿ. ಹೊರಗೆ ರೆಕ್ಸಿನ್, ಒಳಗೆ ಬಣ್ಣ ಬಿಡದ ಫ್ಲ್ಯಾನೆಲ್. ಬಕಲ್ಲಿನ ಲೋಹ ಕ್ರೋಮಿಗೆ ತಾಗದಂತೆ ಹಿಂದೆ ರೆಕ್ಸಿನ್ ತುಂಡು ಕೊಡಿ.

ಬಾಕ್ಸರ್_ಸವಾರ:

ನನ್ನದು ಬಿಎಂಡಬ್ಲ್ಯು ಆರ್75/5. ನಾನು ಬಳಸುವುದು ಹಳೇ ಹ್ಯಾರೊ ಎಲಿಫಾಂಟೆನ್‌ಬಾಯ್. ಅದು ಬೆಲ್ಟಿನಲ್ಲಿ ಕಟ್ಟುವ ಜರ್ಮನ್ ಲೆದರ್ ಬ್ಯಾಗ್. ತುಂಬಾ ಗಟ್ಟಿ, ಆದರೆ ನಿಮ್ಮ ಟ್ಯಾಂಕಿಗೆ ದೊಡ್ಡದಾಗುತ್ತದೆ. ಹೊಲಿಸುವುದೇ ಸರಿ.

ಬೆಲ್ಟ್ ಕಟ್ಟುವುದರ ಬಗ್ಗೆ ಒಂದು ಮಾತು. ಮುಂದಿನ ಬೆಲ್ಟ್ ಫ್ರೇಮಿನ ಕತ್ತಿನ ಸುತ್ತ ಬರಬೇಕು, ಫೋರ್ಕಿಗೆ ಕಟ್ಟಬಾರದು. ಅಲ್ಲಿ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ವೈರಿಂಗ್ ಎಲ್ಲ ಹೋಗುತ್ತವೆ. ಬೆಲ್ಟ್ ಅವುಗಳ ಒಳಗಿಂದ, ಫ್ರೇಮಿಗೆ ತಾಗಿಕೊಂಡು ಹೋಗಲಿ. ಕಟ್ಟಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ರೇಸ್ ತಾನಾಗೇ ಏರಿದರೆ ಕೇಬಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ, ಮತ್ತೆ ಕಟ್ಟಿ. ಹಿಂದಿನ ಬೆಲ್ಟ್ ಸೀಟಿನ ಮೂತಿಯ ಕೆಳಗೆ ಫ್ರೇಮಿಗೆ. ಬಾಲ ಜೋತಾಡದಂತೆ ಮಡಚಿ ಹೊಲಿಸಿ, ಕೆಳಗೆ ಬಿಸಿ ಸಿಲಿಂಡರ್ ಇದೆ.

ಮರೂನ್_353:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹೊಲಿಸಲು ಟೈಮ್ ಹಿಡಿಯಿತು.

ಮೊದಲು ಪೆಟ್ರೋಲ್ ಪರೀಕ್ಷೆ. ಬ್ಯಾಗ್ ಇಟ್ಟಾಗ ಧಾರೆ ಸಣ್ಣಗಾಗುತ್ತಾ ಹೋಗಿ ನಿಂತೇಬಿಟ್ಟಿತು. ಮುಚ್ಚಳ ಸಡಿಲ ಮಾಡಿದ ತಕ್ಷಣ ಸುಯ್ ಅಂದಿತು. ಬ್ಯಾಗ್ ಇಲ್ಲದಾಗಲೂ ಧಾರೆ ಅಷ್ಟೇನೂ ಜೋರಾಗಿರಲಿಲ್ಲ. ತೂತಿನಿಂದ ಒಣಗಿದ ಬಿಳಿ ಪಾಲಿಶ್ ಬಂತು. ತಪ್ಪು ನನ್ನದೇ, ವಾರಕ್ಕೊಮ್ಮೆ ತಿಕ್ಕುತ್ತಿದ್ದೆ. ಕಂಡೆನ್ಸರ್ ಮುಟ್ಟಲಿಲ್ಲ.

ಬ್ಯಾಗ್ 7 ಲೀಟರಿನದು, ಪೇಪರಿನಲ್ಲಿ ತೆಗೆದ ಆಕಾರದ ಮೇಲೇ ಹೊಲಿಸಿದೆ. ಮೊದಲ ಸಲ ಎತ್ತರ ಜಾಸ್ತಿಯಾಗಿ ಎದುರಿನ ಅಂಚು ಹ್ಯಾಂಡಲ್ಲಿಗೆ ತಾಗುತ್ತಿತ್ತು. ಮುಂದೆ ಇಳಿಜಾರು ಕೊಡಿಸಿದೆ. ಈಗ ತಾಗುವುದಿಲ್ಲ. ಮುಂದಿನ ಎರಡು ಬಕಲ್ ಬಿಚ್ಚಿದರೆ ಚೀಲ ಹಿಂದಕ್ಕೆ ಸೀಟಿನ ಮೇಲೆ ಮಡಚಿಕೊಳ್ಳುತ್ತದೆ. ಪೆಟ್ರೋಲ್ ಹಾಕಿ, ಆಯಿಲ್ ಅಳೆದು ಸುರಿಯಲು ಆರಾಮ. ಹಾಸಿನ ದುಂಡು ತೂತಿಗೆ ಅಂಚಿನ ಸುತ್ತ ರೆಕ್ಸಿನ್ ಪಟ್ಟಿ ಹೊಲಿಸಿದ್ದೇನೆ. ಇಲ್ಲದಿದ್ದರೆ ಚೆಲ್ಲಿದ ಆಯಿಲ್ಲನ್ನು ಫ್ಲ್ಯಾನೆಲ್ ಹೀರಿಕೊಳ್ಳುತ್ತದೆ. ಆಯಿಲ್ ಬಾಟಲಿಯನ್ನು ಮಾತ್ರ ಚೀಲದಲ್ಲಿ ನೆಟ್ಟಗೆ ನಿಲ್ಲುವ ಹಾಗೆ ಬೇರೆ ಜೇಬಿನಲ್ಲಿಟ್ಟೆ.

ಮೊನ್ನೆ ಒಂದೂವರೆ ತಾಸು ಎಲ್ಲೂ ನಿಲ್ಲಿಸದೆ ಓಡಿಸಿದೆ. ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ, ಬ್ಯಾಗೂ ಅಲುಗಲಿಲ್ಲ. ಇಳಿದ ಕೂಡಲೇ ಹಾಸು ಎತ್ತಿ ನೋಡಿದೆ, ಟ್ಯಾಂಕಿನ ಬಣ್ಣದ ಮೇಲಿನ ಗೋಲ್ಡ್ ಲೈನ್ ಹಾಗೇ ಇದೆ.

ಹೊಲಿಗೆ_ಚೀಲ:

ಓದಿ ತುಂಬಾ ಖುಷಿಯಾಯಿತು. ಮಳೆಯಲ್ಲಿ ನೆನೆದು ಬಂದ ದಿನ ಹಾಸನ್ನು ರಾತ್ರಿ ಟ್ಯಾಂಕ್ ಮೇಲೇ ಬಿಡಬೇಡಿ. ಒದ್ದೆ ಫ್ಲ್ಯಾನೆಲ್ ಅಡಿಯಲ್ಲಿ ಹಳೇ ಬಣ್ಣ ಗುಳ್ಳೆ ಏಳುತ್ತದೆ. ಬಿಚ್ಚಿ ನೆರಳಿನಲ್ಲಿ ಒಣಗಿಸಿ, ಟ್ಯಾಂಕ್ ಒರೆಸಿ, ಆಮೇಲೆ ಕಟ್ಟಿ.