ಸಿ. ಎಸ್. ಲೂಯಿಸ್ ಯಾವ ಬಗೆಯ ಕ್ರೈಸ್ತರಾಗಿದ್ದರು?

ಪ್ರಶ್ನೆ: ನಾರ್ನಿಯಾ ಕಥೆಗಳ ಲೇಖಕ ಲೂಯಿಸ್ ಅವರನ್ನು ಇವ್ಯಾಂಜೆಲಿಕಲ್ (ಬೈಬಲನ್ನೇ ಪರಮ ಆಧಾರವೆನ್ನುವ ಪ್ರೊಟೆಸ್ಟಂಟ್) ಓದುಗರೂ ಕ್ಯಾಥೋಲಿಕರೂ ತಮ್ಮವರೆಂದೇ ಭಾವಿಸುತ್ತಾರೆ. ಪಾದ್ರಿಯಲ್ಲದ, ಸಾಹಿತ್ಯದ ಅಧ್ಯಾಪಕರಾಗಿದ್ದ ಅವರು ನಿಜವಾಗಿ ನಂಬಿದ್ದೇನು? ಬೈಬಲಿನ ಪ್ರತಿಯೊಂದು ಮಾತೂ ದೋಷರಹಿತವೆಂದು ಅವರು ಒಪ್ಪಿದ್ದರೇ?

ಉತ್ತರ: ಅವರು ಕೊನೆಯವರೆಗೂ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಗೆ ಸೇರಿದವರು. ಬೆಲ್‌ಫಾಸ್ಟ್‌ನಲ್ಲಿ 1898ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ನಾಸ್ತಿಕರಾದ ಲೂಯಿಸ್, ಮೊದಲು ದೇವರಿದ್ದಾನೆಂಬುದನ್ನಷ್ಟೇ ಒಪ್ಪಿ, 1931ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗೆಳೆಯರಾದ ಲೇಖಕ ಟೋಲ್ಕಿನ್ ಮತ್ತು ಸಾಹಿತ್ಯದ ಅಧ್ಯಾಪಕ ಹ್ಯೂಗೋ ಡೈಸನ್ ಅವರೊಂದಿಗೆ ತಡರಾತ್ರಿಯವರೆಗೆ ನಡೆದ ಚರ್ಚೆಯ ಬಳಿಕ ಕ್ರಿಸ್ತನನ್ನು ನಂಬಿದರು. ಟೋಲ್ಕಿನ್ ಕ್ಯಾಥೋಲಿಕರಾಗಿದ್ದರೂ ಲೂಯಿಸ್ ಆ ಕಡೆಗೆ ಹೋಗಲಿಲ್ಲ.

ಉತ್ತರ: ಬೈಬಲಿನ ವಿಷಯದಲ್ಲಿ, ಇಲ್ಲ ಎಂದೇ ಹೇಳಬೇಕು. ಬೈಬಲಿನ ಕೀರ್ತನೆಗಳ ಕುರಿತು 1958ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬೈಬಲಿನದೇ ಭಾಗವಾದ ಯೋಬನ ಗ್ರಂಥವು ಚರಿತ್ರೆಯಾಗಿರಬೇಕಿಲ್ಲವೆಂದೂ, ಮನುಷ್ಯಸಹಜ ದೋಷಗಳಿರುವ ಬರಹವೇ ದೇವರ ವಾಕ್ಯವನ್ನು ಹೊರುತ್ತದೆಂದೂ ಅವರು ವಾದಿಸಿದರು. ಆದರೆ ಕ್ರಿಸ್ತನ ಪುನರುತ್ಥಾನವನ್ನೂ ಪವಾಡಗಳನ್ನೂ ನಿಜವಾಗಿ ನಡೆದ ಘಟನೆಗಳೆಂದೇ ಸಮರ್ಥಿಸಿದ್ದರಿಂದ ಅವರನ್ನು ಉದಾರವಾದಿಗಳ (ಪವಾಡಗಳನ್ನು ಅಕ್ಷರಶಃ ಒಪ್ಪದ ಕ್ರೈಸ್ತರ) ಸಾಲಿಗೆ ಸೇರಿಸುವುದು, ನನ್ನ ದೃಷ್ಟಿಯಲ್ಲಿ, ಅನ್ಯಾಯ. ಇನ್ನೊಂದು ಮಾತು: ಅವರು ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು, ಮರಣಾನಂತರದ ಶುದ್ಧೀಕರಣವನ್ನೂ ನಂಬಿದ್ದರು; ಪ್ರೊಟೆಸ್ಟಂಟರು ಸಾಮಾನ್ಯವಾಗಿ ಇವೆರಡನ್ನೂ ಒಪ್ಪದ ಕಾರಣ, ಅವರನ್ನು ಮೆಚ್ಚುವ ಅನೇಕ ಪ್ರೊಟೆಸ್ಟಂಟರು ಈ ಪುಟಗಳನ್ನು ಬೇಗನೆ ಮಗುಚಿಬಿಡುತ್ತಾರೆ.

ಉತ್ತರ: ಹಿಂದಿನ ಉತ್ತರಕ್ಕೆ ಒಂದು ಸೇರ್ಪಡೆ. ಯುದ್ಧಕಾಲದ ಬಿಬಿಸಿ ಭಾಷಣಗಳಿಂದ ರೂಪುಗೊಂಡ ‘ಮಿಯರ್ ಕ್ರಿಶ್ಚಿಯಾನಿಟಿ’ಯಲ್ಲಿ (1952) ಅವರು, ಕ್ರಿಸ್ತನ ಮರಣವು ನಮ್ಮನ್ನು ದೇವರೊಂದಿಗೆ ಸರಿಪಡಿಸಿತೆಂಬುದೇ ನಂಬಿಕೆಯ ತಿರುಳು, ಅದು ಹೇಗೆಂಬ ಸಿದ್ಧಾಂತಗಳು ಗೌಣ ಎನ್ನುತ್ತಾರೆ. ಎಲ್ಲ ಪಂಥಗಳವರೂ ಅವರನ್ನು ಓದಲು ಇದೇ ಮುಖ್ಯ ಕಾರಣವೆಂದು ತೋರುತ್ತದೆ.