ಸೀಹೆಂಜ್ ಕಂಬಗಳನ್ನು ಕಡಲತೀರದಿಂದ ಕಿತ್ತು ತಂದದ್ದು ಸರಿನಾ?

ನಾರ್ವಿಚ್‌ವಾಸಿ
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ನಾರ್ವಿಚ್‌ಗೆ ಬಂದು ಎರಡು ವರ್ಷ ಆಯ್ತು. ಕಳೆದ ಶನಿವಾರ ಎಂಟು ವರ್ಷದ ಮಗಳನ್ನು ಕರೆದುಕೊಂಡು ಕಿಂಗ್ಸ್ ಲಿನ್‌ನ ಲಿನ್ ಮ್ಯೂಸಿಯಂಗೆ ಹೋಗಿದ್ದೆ. ಸೀಹೆಂಜ್ ಇರುವುದು ಅಲ್ಲೇ. ವೃತ್ತವಾಗಿ ನೆಟ್ಟಿದ್ದ 4,000 ವರ್ಷ ಹಳೆಯ ಓಕ್ ಕಂಬಗಳು, ಜೊತೆಗೆ ನಡುವೆ ಬೇರು ಮೇಲೆ ಮಾಡಿ ಹೂತಿದ್ದ ಒಂದು ಭಾರೀ ಮರದ ಬುಡ. ಕೊಡಲಿ ಏಟಿನ ಗುರುತು ಮೊನ್ನೆ ಕಡಿದ ಹಾಗೆ ಕಾಣುತ್ತದೆ, ನಾನಂತೂ ಅದರ ಮುಂದೆ ಸುಮ್ನೆ ನಿಂತುಬಿಟ್ಟೆ. ಆಗ ಮಗಳು ಕೇಳಿದಳು: "ಅಮ್ಮಾ, ಅವರು ಇದನ್ನ ಸಮುದ್ರದ ಹತ್ತಿರ ಕಟ್ಟಿದ್ರಲ್ಲಾ, ಮತ್ತೆ ಇಲ್ಲಿಗ್ಯಾಕೆ ತಂದ್ರು?" ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ನಿಮಗೇನನ್ನಿಸುತ್ತದೆ, ತಂದದ್ದು ಸರಿನಾ? ಹಾಗೇ ಈ ಕೌಂಟಿಯಲ್ಲಿ ಇಂಥ ಹಳೆಯ ಜಾಗ ಬೇರೆ ಇದ್ದರೆ ತಿಳಿಸಿ.

ಹಳೇಕಲ್ಲು
ಮೊದಲು ಮಗಳಿಗೆ ಇದನ್ನು ಹೇಳಿ: ಅವರು ಅದನ್ನು ಸಮುದ್ರದ ದಡದಲ್ಲಿ ಕಟ್ಟಿದ್ದಲ್ಲ. ಆಗ ಅದು ಉಪ್ಪುನೀರಿನ ಜೌಗು ನೆಲ, ಸಮುದ್ರ ಇನ್ನೂ ದೂರ ಇತ್ತು. ಆಮೇಲೆ ಕಂಬಗಳ ಮೇಲೆ ಕೆಸರು, ಕೊಳೆತ ಗಿಡಗಳ ಪದರ ಕೂತು ಗಾಳಿ ಆಡದ ಹಾಗಾಯ್ತು, ಅದಕ್ಕೇ ಮರ ಕೊಳೆಯಲಿಲ್ಲ. ನಿಧಾನಕ್ಕೆ ಕಡಲು ಒಳಗೆ ಬಂತು. 1998ರಲ್ಲಿ ಹೋಮ್ ನೆಕ್ಸ್ಟ್ ದ ಸೀ ಅನ್ನುವ ಹಳ್ಳಿಯ ತೀರದಲ್ಲಿ ಇದು ಮೇಲೆ ಬಂದದ್ದು ಅಲೆಗಳು ಆ ಪದರವನ್ನು ತಿಂದುಹಾಕಿದ್ದರಿಂದಲೇ.

ಒಟ್ಟು 55 ಕಂಬ. ತೊಗಟೆ ಹೊರಗೆ ಬರುವ ಹಾಗೆ ಒಂದಕ್ಕೊಂದು ಒತ್ತಿ ನೆಟ್ಟಿದ್ದರು, ದೂರದಿಂದ ನೋಡಿದರೆ ಒಂದೇ ದೊಡ್ಡ ಮರದ ಕಾಂಡದಂತೆ ಕಂಡಿರಬೇಕು. ಕವಲೊಡೆದ ಒಂದು ಕಂಬದ ಸಂದಿಯಲ್ಲಿ ನುಸುಳಿ ಒಳಗೆ ಹೋಗಬೇಕಿತ್ತು. ವರ್ಷಕ್ಕೊಂದರಂತೆ ಮರದೊಳಗೆ ಬೆಳೆಯುವ ಉಂಗುರಗಳನ್ನು ಎಣಿಸಿ, ಕಾರ್ಬನ್ ಪರೀಕ್ಷೆಯನ್ನೂ ಮಾಡಿ, ಈ ಮರಗಳನ್ನು ಕ್ರಿ.ಪೂ. 2049ರ ವಸಂತದಲ್ಲೋ ಬೇಸಿಗೆಯ ಶುರುವಿನಲ್ಲೋ ಕಡಿದರು ಅಂತ ಹೇಳಿದ್ದಾರೆ. ಅಷ್ಟು ಹಳೆಯದಕ್ಕೆ ವರ್ಷದ ಜೊತೆ ಕಾಲವೂ ಗೊತ್ತಾಗುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ! ಕೊಡಲಿ ಗುರುತುಗಳನ್ನು ಹೋಲಿಸಿದಾಗ 50 ಬೇರೆ ಬೇರೆ ಕೊಡಲಿಗಳಾದರೂ ಇದ್ದವು ಅಂತ ಗೊತ್ತಾಯ್ತು. ಕಂಚು ಬ್ರಿಟನ್‌ಗೆ ಬಂದು ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ, ಅಂಥದ್ದರಲ್ಲಿ ಅಷ್ಟು ಕೊಡಲಿ ಒಂದು ಕಡೆ ಸೇರಿದವು ಅಂದರೆ ಸುತ್ತಲಿನ ಜನ ಎಲ್ಲ ಬಂದು ಕೈ ಹಾಕಿರಬೇಕು. ಬುಡವನ್ನು ಎಳೆದು ತಂದ ಹಗ್ಗವೂ ಸಿಕ್ಕಿತು, ಹನಿಸಕಲ್ ಬಳ್ಳಿಯನ್ನು ಹೊಸೆದು ಮಾಡಿದ್ದು.

ಹೊರಗೆ ಬಿಟ್ಟಿದ್ದರೆ ಅಲೆ ಒಂದು ಕಡೆ, ಮರ ಕೊರೆಯುವ ಚಿಪ್ಪುಜೀವಿಗಳು ಇನ್ನೊಂದು ಕಡೆ. ಹೆಚ್ಚು ವರ್ಷ ಉಳಿಯುತ್ತಿರಲಿಲ್ಲ. ತಂದದ್ದು ಸರಿ ಅನ್ನುವುದೇ ನನ್ನ ಮಾತು.

ಕಡಲತಡಿ
ನಾನು ಒಪ್ಪುವುದಿಲ್ಲ. 1999ರಲ್ಲಿ ಅಗೆದು ತೆಗೆಯುವಾಗ ಊರಿನವರು, ಡ್ರೂಯಿಡ್ ಪಂಥದವರು (ಪ್ರಕೃತಿಯನ್ನು ಪೂಜಿಸುವವರು) ಎಷ್ಟೋ ಜನ ಅಡ್ಡ ನಿಂತರು, ಬುಡದ ಮೇಲೇ ಹೋಗಿ ಕೂತರು. ಅವರ ಸಿಟ್ಟಿಗೆ ಕಾರಣ ಇತ್ತು. ವಯಸ್ಸು ತಿಳಿಯಲು ಅಂತ ಆ ಬುಡದಿಂದ ಚೈನ್‌ಸಾದಲ್ಲಿ ಒಂದು ತುಂಡು ಕೊಯ್ದಿದ್ದರು. ಬೇರು ಆಕಾಶಕ್ಕೆ ಮಾಡಿ ಒಂದು ಮರವನ್ನು ನೆಲದಲ್ಲಿ ಹೂತವರು ಸುಮ್ಮನೆ ಹಾಗೆ ಮಾಡಿರುತ್ತಾರಾ? ಅಲ್ಲಿನ ಗಾಳಿ, ಬಯಲು, ಅಷ್ಟಗಲ ಆಕಾಶ, ಇವುಗಳ ಜೊತೆ ಸೇರಿಯೇ ಅದಕ್ಕೆ ಅರ್ಥ. ಗಾಜಿನ ಹಿಂದೆ ಬರೀ ಮರ ಉಳಿಯುತ್ತದೆ ಅಷ್ಟೇ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಲ್ಲೇ ಸುಮಾರು 100 ಮೀಟರ್ ದೂರದಲ್ಲಿ ಎರಡನೇ ವೃತ್ತವೂ ಇತ್ತು. ಅದರ ಮರ ಕಡಿದದ್ದೂ ಅದೇ ಕ್ರಿ.ಪೂ. 2049ರಲ್ಲಿ. ಅದನ್ನು ಮುಟ್ಟಲಿಲ್ಲ, ಕಡಲಿಗೇ ಬಿಟ್ಟರು.

ಹಳೇಕಲ್ಲು
ಹೌದು, ಬಿಟ್ಟರು. ಅದರ ನಡುವೆ ಇದ್ದ ಎರಡು ದಿಮ್ಮಿಗಳು ಕೆಲವೇ ವರ್ಷದಲ್ಲಿ ಕೊಚ್ಚಿಹೋದವು. ಈ ಮಗು ಇವತ್ತು ಹೋಗಿ ನೋಡಿ ಪ್ರಶ್ನೆ ಕೇಳಿದ್ದು ಯಾವುದನ್ನು ನೋಡಿ? ತಂದಿಟ್ಟದ್ದನ್ನು, ಅಲ್ವಾ? ಚೈನ್‌ಸಾ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ಅದು ನೋಡಲು ತುಂಬಾ ನೋವಾಗುವಂಥದ್ದೇ.

ಮರಳುಹಾದಿ
ನೀವಿಬ್ಬರೂ ತರಬೇಕೋ ಬಿಡಬೇಕೋ ಅಂತ ಮಾತಾಡುತ್ತಿದ್ದೀರಿ. ತರಲು ಆಗದೇ ಇದ್ದದ್ದೂ ಇದೇ ಕೌಂಟಿಯಲ್ಲಿ ಇದೆ. ಪೂರ್ವದ ತೀರದಲ್ಲಿ ಹೇಜ್‌ಬ್ರಾ ಅನ್ನುವ ಹಳ್ಳಿ (ಬರೆಯುವುದು ಹ್ಯಾಪಿಸ್‌ಬರ್ಗ್ ಅಂತ, ಹಾಗೆ ಕೇಳಿದರೆ ಊರವರಿಗೆ ನೀವು ಹೊಸಬರು ಅಂತ ತಕ್ಷಣ ಗೊತ್ತಾಗುತ್ತದೆ). 2013ರ ಮೇ ತಿಂಗಳಲ್ಲಿ ಬಿರುಗಾಳಿ ಮರಳನ್ನು ಎಳೆದುಕೊಂಡು ಹೋದಾಗ ಕೆಳಗಿನ ಗಟ್ಟಿ ಕೆಸರಿನಲ್ಲಿ ಸುಮಾರು 50 ಹೆಜ್ಜೆ ಗುರುತು ಕಂಡವು. ಮನುಷ್ಯರದ್ದು. ವಯಸ್ಸು ಸುಮಾರು ಎಂಟು ಲಕ್ಷ ವರ್ಷ ಅಥವಾ ಇನ್ನೂ ಹೆಚ್ಚು! ಆಫ್ರಿಕಾದ ಹೊರಗೆ ಅದುವರೆಗೆ ಸಿಕ್ಕಿದ್ದರಲ್ಲಿ ಅವೇ ಅತ್ಯಂತ ಹಳೆಯವು. ದೊಡ್ಡವರ ಹೆಜ್ಜೆ, ಪಕ್ಕದಲ್ಲಿ ಮಕ್ಕಳ ಹೆಜ್ಜೆ, ಹಳೇ ಕಾಲದ ಥೇಮ್ಸ್ ನದಿಯ ಕೆಸರಿನಲ್ಲಿ ನಡೆದುಹೋದ ಒಂದು ಚಿಕ್ಕ ಗುಂಪು. ಆಗ ಥೇಮ್ಸ್ ಇಲ್ಲೇ ಕಡಲು ಸೇರುತ್ತಿತ್ತು. ಅವರ ಒಂದು ಮೂಳೆಯೂ ಅಲ್ಲಿ ಸಿಕ್ಕಿಲ್ಲ, ಕಲ್ಲಿನ ಆಯುಧಗಳು ಮಾತ್ರ ಸಿಕ್ಕಿವೆ.

ತಜ್ಞರು ಮಳೆಯಲ್ಲಿ, ಉಬ್ಬರ ಬರುವುದರೊಳಗೆ, ಗುಂಡಿಗಳಲ್ಲಿ ನಿಂತ ನೀರನ್ನು ತೆಗೆಯುತ್ತಾ ಒಂದೇ ಸಮನೆ ಫೋಟೋ ತೆಗೆದರು. ಆ ಫೋಟೋಗಳಿಂದಲೇ ಆಮೇಲೆ ಕಂಪ್ಯೂಟರ್‌ನಲ್ಲಿ ಹೆಜ್ಜೆಗಳ ಆಕಾರ ಮಾಡಿದ್ದು. ಎರಡು ವಾರದಲ್ಲಿ ಎಲ್ಲಾ ಅಳಿಸಿಹೋಯ್ತು. ನನ್ನ ಕೈಲಿ ಆಗಿದ್ದರೆ ಆ ಕೆಸರನ್ನು ಹಾಗೇ ಎತ್ತಿ ತರುತ್ತಿದ್ದೆ. ಹಾಗಾಗಿ ನಾನು ಹಳೇಕಲ್ಲು ಅವರ ಕಡೆ.

ಗುಂಡಿತೋಡಿ
ವಾದ ನಿಮಗೇ ಬಿಟ್ಟೆ, ನೋಡುವ ಜಾಗ ನಾನು ಹೇಳುತ್ತೇನೆ. ಥೆಟ್‌ಫೋರ್ಡ್ ಹತ್ತಿರ ಗ್ರೈಮ್ಸ್ ಗ್ರೇವ್ಸ್‌ಗೆ ಖಂಡಿತ ಹೋಗಿ. ಹೆಸರಲ್ಲಿ ಸಮಾಧಿ ಇದೆ, ಆದರೆ ಅದು ಚಕಮಕಿ ಕಲ್ಲಿನ ಗಣಿ, 4,500 ವರ್ಷ ಹಳೆಯದು. ಮೇಲಿಂದ ನೋಡಿದರೆ ಹುಲ್ಲುಗಾವಲಿನ ತುಂಬಾ ತಗ್ಗುಗಳು. ಒಂದೊಂದೂ ಮುಚ್ಚಿಹೋದ ಒಂದು ಗಣಿಬಾವಿ, 400ಕ್ಕೂ ಹೆಚ್ಚು ಇವೆ. ಗಣಿ ಅಂತ ಗೊತ್ತಾದದ್ದು ಗ್ರೀನ್‌ವೆಲ್ ಅನ್ನುವ ಪಾದ್ರಿ 1868ರಿಂದ 1870ರವರೆಗೆ ಅಗೆಸಿದ ಮೇಲೆ. ಸುಣ್ಣದ ಬಂಡೆಯನ್ನು ಜಿಂಕೆ ಕೊಂಬಿನಿಂದ ಅಗೆದಿದ್ದಾರೆ. ದಾರಿಯಲ್ಲಿ ಎರಡು ಪದರ ಚಕಮಕಿ ಸಿಕ್ಕಿದರೂ ಬಿಟ್ಟು, ಇನ್ನೂ ಕೆಳಗಿನ ಕಪ್ಪನೆಯ ಒಳ್ಳೆ ಕಲ್ಲಿಗೇ ಹೋಗಿದ್ದಾರೆ. ಕಲ್ಲು ಗೊತ್ತಿದ್ದವರ ಕೆಲಸ ಅದು. ಒಂದು ಬಾವಿಗೆ ನೀವೂ ಇಳಿಯಬಹುದು, ಸುಮಾರು 9 ಮೀಟರ್.

ನಿಮ್ಮ ಮನೆ ಹತ್ತಿರವೇ ಕೇಸ್ಟರ್ ಸೇಂಟ್ ಎಡ್ಮಂಡ್ ಇದೆ, ರೋಮನ್ನರ ವೆಂಟಾ ಐಸೆನೋರಮ್. ಕ್ರಿ.ಶ. 60ರ ಹೊತ್ತಿಗೆ ರೋಮನ್ನರ ಮೇಲೆ ದಂಗೆ ಎದ್ದ ರಾಣಿ ಬೌಡಿಕಾಳ ಐಸಿನಿ ಜನರ ನಾಡಿಗೆ ಆಮೇಲೆ ಇದೇ ಪಟ್ಟಣ ಕೇಂದ್ರ ಆಯ್ತು. 1928ರ ಬೇಸಿಗೆಯಲ್ಲಿ ವಿಮಾನದಿಂದ ತೆಗೆದ ಫೋಟೋದಲ್ಲಿ ಹೊಲದ ಪೈರಿನೊಳಗೆ ಇಡೀ ಊರಿನ ಬೀದಿಗಳು ಗೆರೆ ಎಳೆದ ಹಾಗೆ ಕಂಡವು. ಈಗ ಕುರಿ ಮೇಯುತ್ತಿರುತ್ತವೆ. ಕೋಟೆ ಗೋಡೆ ಸುತ್ತ ನಡೆದುಬನ್ನಿ.

ನಾರ್ವಿಚ್‌ವಾಸಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಎರಡೂ ಕಡೆ ಮಾತು ಓದಿ ಹೇಳಿದೆ. ಹೆಜ್ಜೆ ಗುರುತು ಅಳಿಸಿಹೋಯ್ತು ಅಂದದ್ದಕ್ಕೆ ಅವಳಿಗೆ ಬೇಜಾರಾಯ್ತು, ಆ ಮಕ್ಕಳ ಹೆಜ್ಜೆ ನನ್ನದಕ್ಕಿಂತ ಚಿಕ್ಕದಾ ಅಂತ ಕೇಳುತ್ತಿದ್ದಾಳೆ. ಈ ಭಾನುವಾರ ಕೇಸ್ಟರ್‌ಗೆ ಹೋಗುತ್ತೇವೆ. ಗ್ರೈಮ್ಸ್ ಗ್ರೇವ್ಸ್ ಬಾವಿಗೆ ಮಕ್ಕಳನ್ನು ಬಿಡುತ್ತಾರಾ?

ಗುಂಡಿತೋಡಿ
ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಇಳಿಯುವಾಗ ಅವಳಿಗೊಂದು ಸ್ವೆಟರ್ ಹಾಕಿ, ಕೆಳಗೆ ತಣ್ಣಗಿರುತ್ತದೆ.